ಬೋರ್ಡೋ ಮಿಶ್ರಣವೂ ನಮ್ಮ ಅಲಕ್ಷ್ಯವೂ

ಬೋರ್ಡೋ ಮಿಶ್ರಣವನ್ನು ಸಿಂಪಡಿಸಿಯೂ ಅಡಿಕೆಯ ಕೊಳೆರೋಗವು ನಿಲ್ಲಲಿಲ್ಲವೆಂದು ದೂರುವ ತೋಟಗಾರರುಂಟು. ದೋಷವು ಬಹುಮಟ್ಟಿಗೆ ಔಷಧದ್ದಲ್ಲ, ಕಲಸುವ ಕ್ರಮದ್ದೆಂಬುದು ನಮ್ಮ ಅಭಿಪ್ರಾಯವು. ಇದನ್ನು ದ್ರಾವಣವೆಂದು ಕರೆಯುವ ವಾಡಿಕೆಯಿದ್ದರೂ, ಇದು ನೀರಿನಲ್ಲಿ ತಾಮ್ರದ ಅತಿಸೂಕ್ಷ್ಮ ಕಣಗಳು ತೇಲುತ್ತಿರುವ ಮಿಶ್ರಣವೇ ಹೊರತು ಕರಗಿದ ವಸ್ತುವಲ್ಲ. ಕಣಗಳು ನಯವಾಗಿದ್ದಷ್ಟೂ ಗೊನೆಗೆ ಚೆನ್ನಾಗಿ ಅಂಟುವುವು. ಹೊತ್ತು ಕಳೆದಂತೆ ದಪ್ಪವಾಗಿ ತಳಕ್ಕಿಳಿಯುವುವು.

ಆದುದರಿಂದ 1 ಕಿಲೋಗ್ರಾಂ ಮೈಲುತುತ್ತವನ್ನು 50 ಲೀಟರು ನೀರಿನಲ್ಲಿ ಕರಗಿಸಿ, ಬೇರೆ 50 ಲೀಟರಿನಲ್ಲಿ ಕದಡಿದ 1 ಕಿಲೋಗ್ರಾಂ ಸುಣ್ಣದ ಹಾಲಿಗೆ ಕಲಕುತ್ತ ಸುರಿಯತಕ್ಕದ್ದು. ಸುಣ್ಣವನ್ನು ತುತ್ತಕ್ಕೆ ಸುರಿಯಬಾರದು. ಅದ್ದಿದ ಉಕ್ಕಿನ ಚೂರಿಗೆ ತಾಮ್ರವು ಹತ್ತಿದರೆ ಸುಣ್ಣವು ಸಾಲದೆಂದರ್ಥ. ಕಲಸಿದ್ದನ್ನು ಅದೇ ದಿನ ಮುಗಿಸತಕ್ಕದ್ದು. ಉಳಿದದ್ದನ್ನು ಮರುದಿನಕ್ಕಿಡುವ ಯಜಮಾನರು ಕಾಸನ್ನು ಉಳಿಸಿ ವರ್ಷದ ಫಸಲನ್ನು ಕಳೆದುಕೊಳ್ಳುವರು. ಪಟೇಲರು ಇದನ್ನು ಆಳುಗಳಿಗೆ ಬಿಡದೆ, ಎದುರು ನಿಂತು ಮಾಡಿಸುವುದು ಲೇಸು.