ಇಳಿಯುವ ವಿದ್ಯೆ

ಚಂದಕವಾಡಿಯ ಸೀಮೆಯಲ್ಲಿ ಬೇಸಾಯಗಾರನು ತಲೆಯೆತ್ತಿ ಆಕಾಶವನ್ನು ನೋಡುವುದು ಸಾಮಾನ್ಯವಾಗಿ ಮಳೆಗಾಗಿ. 2023ರ ಜೂನ್ 1ರ ಗುರುವಾರ ಮಾತ್ರ ಆಕಾಶದಿಂದ ಬೇರೆಯದೇ ಒಂದು ಇಳಿದುಬಂತು. ಅದೇ ಚಾಮರಾಜನಗರ ತಾಲ್ಲೂಕಿನ ಭೋಗಾಪುರದ ಬಳಿ, ಬಯಲಿನಲ್ಲಿ, ವಾಯುಪಡೆಯ ‘ಕಿರಣ್’ ತರಬೇತಿ ವಿಮಾನವೊಂದು ಬಿದ್ದು ನುಚ್ಚುನೂರಾಯಿತು. ಅದರಲ್ಲಿದ್ದವರು ಇಬ್ಬರು, ಅವರಲ್ಲೊಬ್ಬರು ಮಹಿಳೆ. ಇಬ್ಬರೂ ಆಸನಸಮೇತ ಹೊರಕ್ಕೆ ಚಿಮ್ಮಿ, ಪ್ಯಾರಾಚೂಟಿನ ಆಸರೆಯಿಂದ ನೆಲ ಸೇರಿ ಬದುಕಿಕೊಂಡರು. ವಾಯುಪಡೆಯು ತನಿಖೆಗೆ ಆಜ್ಞೆಮಾಡಿತು.

ಇದಕ್ಕೆ ಎರಡೇ ದಿನ ಮುಂಚೆ, ಮೇ 30ರಂದು, ನಾಡಿನ ಮತ್ತೊಂದು ತುದಿಯಲ್ಲಿ ಇಂಥದೇ ಒಂದು ಸಂಗತಿ ನಡೆದಿತ್ತು. ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಮೇಲೆದ್ದ ಪುಟ್ಟ ತರಬೇತಿ ವಿಮಾನವು ಯಾಂತ್ರಿಕ ದೋಷದಿಂದಾಗಿ ಹೊನ್ನಿಹಾಳದ ಹೊಲವೊಂದರಲ್ಲಿ ಇಳಿಯಬೇಕಾಯಿತು. ಅಲ್ಲಿಯೂ ಇಬ್ಬರು, ಸಣ್ಣಪುಟ್ಟ ಗಾಯಗಳಲ್ಲಿ ಪಾರಾದರು. ಆದರೆ ಅಂಥ ಹಗುರ ವಿಮಾನದಲ್ಲಿ ಚಿಮ್ಮುವ ಆಸನವಿಲ್ಲ. ಹಾರಿದವರು ವಿಮಾನದೊಂದಿಗೇ ಇಳಿಯಬೇಕು. ಆದುದರಿಂದಲೇ ವೈಮಾನಿಕನಾಗಹೊರಟ ಶಿಷ್ಯನು ಹಾರುವುದಕ್ಕಿಂತ ಇಳಿಯುವುದನ್ನು ಕಲಿಯಲು ಹೆಚ್ಚು ಶ್ರಮಪಡುತ್ತಾನೆ.

ಇಳಿಯುವ ಕ್ರಮ ಹೇಳುವುದಕ್ಕೆ ಸುಲಭ. ಗಂಟೆಗೆ ಸುಮಾರು 120 ಕಿಲೋಮೀಟರ್ ವೇಗದಲ್ಲಿ ವಿಮಾನವು ಓಡುಹಾದಿಯ ಕಡೆಗೆ ಜಾರುತ್ತ ಬರುತ್ತದೆ. ನೆಲ ಇನ್ನೇನು ಹದಿನೈದಿಪ್ಪತ್ತು ಅಡಿ ಎನ್ನುವಾಗ ಮೂತಿಯನ್ನು ಮೆಲ್ಲನೆ ಮೇಲೆತ್ತಬೇಕು. ವೇಗ ಕುಗ್ಗಿ, ಹಿಂದಿನ ಎರಡು ಗಾಲಿಗಳು ಮೊದಲು ನೆಲ ಮುಟ್ಟಬೇಕು. ತಡವಾಗಿ ಎತ್ತಿದರೆ ವಿಮಾನವು ನೆಲಕ್ಕೆ ಬಡಿದು ಚೆಂಡಿನಂತೆ ಪುಟಿಯುತ್ತದೆ. ಗಾಬರಿಗೊಂಡ ಶಿಷ್ಯನು ಅದನ್ನು ಇಳಿಸಲೆಂದು ಮೂತಿಯನ್ನು ಕೆಳಕ್ಕೆ ಒತ್ತುತ್ತಾನೆ. ಆಗ ಮುಂದಿನ ಗಾಲಿಯೇ ಮೊದಲು ಬಡಿಯುತ್ತದೆ. ಪುಟಿತ ಇನ್ನೂ ಹೆಚ್ಚುತ್ತದೆ. ಎರಡು ಮೂರು ಬಾರಿ ಹೀಗಾದರೆ ಗಾಲಿ ಮುರಿದು, ಪಂಖ ನೆಲಕ್ಕೆ ತಾಗುತ್ತದೆ. ಇಂಥ ಸಮಯದಲ್ಲಿ ಸರಿಯಾದ ಉಪಾಯವೆಂದರೆ, ಎಂಜಿನ್ನಿಗೆ ಪೂರ್ಣ ಶಕ್ತಿ ಕೊಟ್ಟು ಮತ್ತೆ ಮೇಲೇರಿ, ಒಂದು ಸುತ್ತು ಬಂದು, ಹೊಸದಾಗಿ ಇಳಿಯುವುದು. ನೆಲವು ಕಣ್ಣೆದುರಿಗಿದ್ದಾಗ ನೆಲವನ್ನು ಬಿಟ್ಟು ಮೇಲೇರಬೇಕೆಂಬ ಬುದ್ಧಿ ಹೊಸಬನಿಗೆ ಬರುವುದು ಕಷ್ಟ.

ಗುರುವಿನ ಪರೀಕ್ಷೆಯೂ ಇಲ್ಲಿಯೇ. ತರಬೇತಿ ವಿಮಾನದಲ್ಲಿ ಚಾಲನೆಯ ಸಾಧನಗಳು ಇಬ್ಬರ ಕೈಗೂ ಎಟುಕುವಂತೆ ಜೋಡಿಯಾಗಿರುತ್ತವೆ. ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್‌ಟಿ-2ರಲ್ಲಿ ಗುರುಶಿಷ್ಯರು ಒಬ್ಬರ ಹಿಂದೊಬ್ಬರು ಕುಳಿತಿದ್ದರು. ಅಲ್ಲಿಯೇ ಹುಟ್ಟಿ 1964ರ ಸೆಪ್ಟೆಂಬರ್ 4ರಂದು ಮೊದಲು ಹಾರಿದ ಕಿರಣ್ ವಿಮಾನದಲ್ಲಿ ಅಕ್ಕಪಕ್ಕ ಕುಳಿತರು. ಪಕ್ಕದಲ್ಲಿದ್ದರೆ ಶಿಷ್ಯನ ಕೈಯೂ ಕಾಣುತ್ತದೆ, ಮುಖವೂ ಕಾಣುತ್ತದೆ.

ಕಂಡರೂ, ಕೈ ಹಾಕುವುದು ಯಾವಾಗ? ಸಾವಿರಾರು ಅಡಿ ಎತ್ತರದಲ್ಲಿ ಶಿಷ್ಯನು ತಪ್ಪಿದರೆ ಗುರು ತಾಳಬಲ್ಲ. ಎತ್ತರವೆಂದರೆ ಸಮಯ, ತಪ್ಪನ್ನು ತಾನೇ ಕಂಡು ತಿದ್ದಿಕೊಳ್ಳಲು ಶಿಷ್ಯನಿಗೆ ದೊರೆತ ಸಾಲ. ನೆಲ ಹತ್ತಿರವಾದಂತೆ ಆ ಸಾಲ ತೀರುತ್ತ ಬರುತ್ತದೆ. ಬೇಗ ಕೈ ಹಾಕಿದರೆ ಶಿಷ್ಯನು ಎಂದಿಗೂ ಇಳಿಯಲು ಕಲಿಯಲಾರ. ತಡಮಾಡಿದರೆ ಇಬ್ಬರಿಗೂ ಅಪಾಯ. ಅದಕ್ಕಾಗಿಯೇ ‘ಚಾಲನೆ ನನ್ನದು’ ಎಂದು ಗುರುವು ಸ್ಪಷ್ಟವಾಗಿ ನುಡಿಯುವ, ಶಿಷ್ಯನು ‘ನಿಮ್ಮದು’ ಎಂದು ಒಪ್ಪಿಸುವ ಪದ್ಧತಿಯುಂಟು. ಒಬ್ಬರು ಎಳೆದು ಒಬ್ಬರು ಒತ್ತಿದರೆ ಕೇಡು. ಇನ್ನೊಬ್ಬರು ಹಿಡಿದಿದ್ದಾರೆಂದು ಇಬ್ಬರೂ ಬಿಟ್ಟರೆ ಇನ್ನೂ ಕೇಡು.

ಮಗನಿಗೆ ಸೈಕಲ್ ಕಲಿಸುತ್ತ, ಹಿಂದಿನಿಂದ ಕ್ಯಾರಿಯರ್ ಹಿಡಿದು ಬೀದಿಯುದ್ದಕ್ಕೂ ಓಡಿದ ತಂದೆಗೆ ಈ ಸಂಕಟವು ಸ್ವಲ್ಪಮಟ್ಟಿಗೆ ತಿಳಿದೀತು. ಅಲ್ಲಿ ಮಗ ಬಿದ್ದರೆ ಮೊಣಕಾಲು ತರಚೀತು, ಅಷ್ಟೆ.

ಹೀಗೆ ಹಲವು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಗುರುವು ಬಾಗಿಲು ತೆರೆದು ವಿಮಾನದಿಂದ ಇಳಿದುಬಿಡುತ್ತಾನೆ. ‘ಒಂದು ಸುತ್ತು ನೀನೇ ಹೋಗಿ ಬಾ’ ಎನ್ನುತ್ತಾನೆ. ಹಗುರಗೊಂಡ ವಿಮಾನವು ಎಂದಿಗಿಂತ ಬೇಗ ಮೇಲೇಳುತ್ತದೆ. ಗುರುವು ಮೈದಾನದ ಅಂಚಿನಲ್ಲಿ ನಿಂತು ಮೇಲೆ ನೋಡುತ್ತಾನೆ. ವಿಮಾನವು ತಿರುಗಿ ಓಡುಹಾದಿಗೆ ಬಂದು, ಮೂತಿಯೆತ್ತಿ, ಗಾಲಿ ನೆಲ ಮುಟ್ಟುವವರೆಗೆ ಅವನ ಬರಿಗೈ ಗಾಳಿಯಲ್ಲಿ ಏನನ್ನೋ ಹಿಡಿದೇ ಇರುತ್ತದೆ.