ಶಾಲೆಯಲ್ಲಿ ನಾಟಕ: ಪ್ರದರ್ಶನವೋ, ಶಿಕ್ಷಣವೋ?

ಮಕ್ಕಳಿಗೆ ಅಕ್ಷರ, ಅಂಕಗಣಿತಗಳನ್ನು ಕಲಿಸಿದಂತೆಯೇ ಕೋಪವನ್ನು ತಡೆದುಕೊಳ್ಳುವುದನ್ನೂ, ಪರರ ನೋವನ್ನು ಅರಿಯುವುದನ್ನೂ, ನಾಲ್ವರೊಡನೆ ಹೊಂದಿ ಬಾಳುವುದನ್ನೂ ಶಾಲೆಯಲ್ಲಿಯೇ ಕಲಿಸಬೇಕೆಂಬ ಮಾತು ಈಚೆಗೆ ವಿದ್ಯಾಕ್ಷೇತ್ರದಲ್ಲಿ ಪ್ರಬಲವಾಗಿ ಕೇಳಿಬರುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿ ಹತ್ತು ಜೀವನಕೌಶಲಗಳನ್ನು ಪಟ್ಟಿಮಾಡಿತು. ಪರಾನುಭೂತಿಯೂ ಭಾವಗಳ ನಿರ್ವಹಣೆಯೂ ಅವುಗಳಲ್ಲಿ ಸೇರಿವೆ. ಉದ್ದೇಶವನ್ನು ಅಲ್ಲಗಳೆಯುವವರು ಯಾರೂ ಇರಲಾರರು. ಆದರೆ ಇವನ್ನು ಕಲಿಸುವ ಬಗೆ ಯಾವುದು? ದಯೆಯಿರಬೇಕೆಂದು ಹತ್ತು ಸಲ ಬರೆಯಿಸಿದ ಮಾತ್ರಕ್ಕೆ ದಯೆ ಹುಟ್ಟುವುದೆ? ಈ ಕೆಲಸಕ್ಕೆ ನಾಟಕವೇ ತಕ್ಕ ಸಾಧನವೆಂದು ಹೇಳುವವರಿದ್ದಾರೆ, ನಾನೂ ಅವರಲ್ಲೊಬ್ಬ. ಆದರೆ ಇಂದು ನಮ್ಮ ಬಹುಪಾಲು ಶಾಲೆಗಳಲ್ಲಿ ನಡೆಯುತ್ತಿರುವ ನಾಟಕದಿಂದ ಅದು ಸಾಧ್ಯವಾಗದು ಎಂಬುದನ್ನೂ ಇದರೊಡನೆಯೇ ಹೇಳಬೇಕಾಗಿದೆ.

ಶಾಲೆಯಲ್ಲಿ ನಾಟಕವೆಂದರೆ ನಮಗೆ ಮೊದಲು ನೆನಪಾಗುವುದು ವಾರ್ಷಿಕೋತ್ಸವ. ಅನಂತರ ಪ್ರತಿಭಾ ಕಾರಂಜಿಯಂಥ ಸ್ಪರ್ಧೆ. ಹದಿನೈದು ದಿನ ಮುಂಚೆ ತಾಲೀಮು ಮೊದಲಾಗುತ್ತದೆ. ಕಂಠ ಚೆನ್ನಾಗಿರುವ, ಮಾತು ಬಲ್ಲ, ವೇಷಕ್ಕೆ ಹಣ ತರಬಲ್ಲ ಹುಡುಗ ರಾಜನಾಗುತ್ತಾನೆ. ಮಾತು ತೊದಲುವವನು ಬಾಗಿಲ ಭಟನಾಗುತ್ತಾನೆ, ಇಲ್ಲವೆ ಪರದೆ ಎಳೆಯುತ್ತಾನೆ. ಉಪಾಧ್ಯಾಯರು ಹೇಳಿಕೊಟ್ಟ ಮಾತನ್ನು ಹೇಳಿಕೊಟ್ಟ ಧಾಟಿಯಲ್ಲಿ ಒಪ್ಪಿಸುವುದೇ ಅಭಿನಯವೆನಿಸುತ್ತದೆ. ಬಿ. ವಿ. ಕಾರಂತರು ರವೀಂದ್ರನಾಥ ಠಾಕೂರರ ಗಿಳಿಯ ಕಥೆಯನ್ನು 'ಪಂಜರಶಾಲೆ' ಎಂಬ ನಾಟಕವಾಗಿ ಮಕ್ಕಳಿಗೆ ಕೊಟ್ಟರು. ಪುಸ್ತಕದ ಹಾಳೆಗಳನ್ನು ಗಂಟಲಿಗೆ ತುರುಕಿ ವಿದ್ಯೆ ಕಲಿಸಹೊರಟವರ ವಿಡಂಬನೆ ಅದು. ಅಂಥ ನಾಟಕವನ್ನೇ ಉರುಹೊಡೆಸಿ ಆಡಿಸಿದರೆ ಆ ಗಿಳಿಗೂ ನಮ್ಮ ಮಕ್ಕಳಿಗೂ ಏನು ವ್ಯತ್ಯಾಸ? ಬಹುಮಾನ ಬರಬಹುದು, ತಂದೆತಾಯಿಗಳಿಗೆ ಹಿಗ್ಗಾಗಬಹುದು. ಮಗುವಿನ ಅಂತರಂಗಕ್ಕೆ ಸಂದದ್ದು ಅಲ್ಪ.

ಪರರ ಸ್ಥಾನದಲ್ಲಿ ನಿಂತು ನೋಡುವ ಅಭ್ಯಾಸ ನಮಗೆ ಹೊಸದೇನೂ ಅಲ್ಲ. ಕರಾವಳಿಯ ತಾಳಮದ್ದಳೆಯನ್ನೇ ನೋಡಿರಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯದ ಬೆನ್ನಿಗೆ ಅರ್ಥಧಾರಿಯು ಆಶುವಾಗಿ ಮಾತನಾಡಬೇಕು. ಇಂದು ಕೃಷ್ಣನಾಗಿ ಸಂಧಾನದ ಮಾತನ್ನಾಡಿದವನು ನಾಳೆ ಕೌರವನಾಗಿ ಅದೇ ಸಂಧಾನವನ್ನು ಮುರಿಯಬೇಕಾಗುತ್ತದೆ. ಕೌರವನ ಪಕ್ಷದಲ್ಲಿ ನ್ಯಾಯವೆಷ್ಟು, ಅವನ ಅಭಿಮಾನಕ್ಕೆ ಬಿದ್ದ ಪೆಟ್ಟು ಎಂಥದು ಎಂಬುದನ್ನು ಮನಸ್ಸಿನಲ್ಲಿ ಹೊಕ್ಕು ನೋಡದೆ ಆ ಅರ್ಥ ಹೇಳಲಾಗದು. ನಮ್ಮ ಕಾವ್ಯಮೀಮಾಂಸಕರು ಕಾವ್ಯವನ್ನು ಸವಿಯಬಲ್ಲವನಿಗೆ 'ಸಹೃದಯ' ಎಂದು ಹೆಸರಿಟ್ಟರು. ಸಮಾನವಾದ ಹೃದಯವುಳ್ಳವನು ಎಂದು ಅದರ ಅರ್ಥ. ಸಹೃದಯತೆಯು ಅಭ್ಯಾಸದಿಂದ ಬಲಿಯುವ ಶಕ್ತಿಯೆಂದೂ ಅವರು ತಿಳಿದಿದ್ದರು. ಹಾಗಿದ್ದ ಮೇಲೆ ಆ ಅಭ್ಯಾಸ ಶಾಲೆಯಲ್ಲಿ ಏಕೆ ಮೊದಲಾಗಬಾರದು?

ನಾನು ಕಂಡ ಒಂದು ನಿದರ್ಶನ ಹೇಳುತ್ತೇನೆ. ಒಂದು ಪ್ರೌಢಶಾಲೆಯ ಕನ್ನಡ ಉಪಾಧ್ಯಾಯರು ಎಂಟನೆಯ ತರಗತಿಯ ಮಕ್ಕಳಿಂದ ಕುವೆಂಪು ಅವರ 'ನನ್ನ ಗೋಪಾಲ'ವನ್ನು ಓದಿಸುತ್ತಿದ್ದರು. ಕಾಡುದಾರಿಯಲ್ಲಿ ಒಬ್ಬನೇ ಶಾಲೆಗೆ ಹೋಗಲು ಅಂಜುವ ಬಡಹುಡುಗನಿಗೆ, ಹೆದರಿಕೆಯಾದಾಗ ಗೋಪಾಲನನ್ನು ಕೂಗೆಂದು ತಾಯಿ ಹೇಳುವ ಸಂದರ್ಭ. ತಾಯಿಯ ಪಾತ್ರದ ಹುಡುಗಿ ಮಾತನ್ನು ಗಟ್ಟಿಯಾಗಿ, ತಪ್ಪಿಲ್ಲದೆ ಒಪ್ಪಿಸಿದಳು. ಉಪಾಧ್ಯಾಯರು, "ಆ ತಾಯಿಗೆ ಹೆದರಿಕೆ ಇರಲಿಲ್ಲವೇನಮ್ಮ?" ಎಂದು ಕೇಳಿದರು. ಹುಡುಗಿ ತುಸು ಯೋಚಿಸಿ, "ಇರುತ್ತೆ ಸಾರ್. ತೋರಿಸಿದರೆ ಮಗ ಹೋಗೋದಿಲ್ಲ" ಎಂದಳು. ಹಿಂದಿನ ಸಾಲಿನಿಂದ ಒಬ್ಬ ಹುಡುಗ, "ನಮ್ಮವ್ವನೂ ಹಂಗೇ ಸಾರ್. ನಾನು ಮರೆಯಾಗೋ ತನಕ ಬಾಗಿಲಲ್ಲೇ ನಿಂತಿರ್ತಾಳೆ" ಎಂದ. ತರಗತಿ ನಿಶ್ಶಬ್ದವಾಯಿತು. ಎರಡನೆಯ ಸಲ ಆ ಹುಡುಗಿ ಮಗನ ಮುಖ ನೋಡದೆ, ಅವನ ಚೀಲವನ್ನು ಸರಿಪಡಿಸುತ್ತ ಅದೇ ಮಾತನ್ನು ಮೆಲ್ಲಗೆ ಆಡಿದಳು. ಒಳಗೊಂದು, ಹೊರಗೊಂದು ಭಾವವಿರಬಹುದೆಂದೂ, ಮುಚ್ಚಿಟ್ಟುಕೊಳ್ಳುವುದೂ ಒಮ್ಮೊಮ್ಮೆ ಪ್ರೀತಿಯೇ ಎಂದೂ ಮಕ್ಕಳು ಹತ್ತೇ ನಿಮಿಷದಲ್ಲಿ ತಾವಾಗಿ ಕಂಡುಕೊಂಡರು. ಅಲ್ಲಿ ರಂಗಸಜ್ಜಿಕೆ ಇರಲಿಲ್ಲ, ಪ್ರೇಕ್ಷಕರೂ ಇರಲಿಲ್ಲ. ಪಾಠ ನಡೆದದ್ದು ಆ ಎರಡು ಓದುಗಳ ನಡುವೆ.

ಇದು ನಾಟಕಪ್ರಿಯನೊಬ್ಬನ ಕಲ್ಪನೆ ಮಾತ್ರವೆ ಎಂದು ಕೇಳುವವರಿಗೆ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನೆನಪಿಸಬಹುದು. ಕೆನಡಾದ ಟೊರಾಂಟೊ ನಗರದಲ್ಲಿ ಶೆಲೆನ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು ಆರು ವಯಸ್ಸಿನ 144 ಮಕ್ಕಳನ್ನು ಗುಂಪುಗಳಾಗಿ ಹಂಚಿ, ಕೆಲವರಿಗೆ ವಾದ್ಯ, ಕೆಲವರಿಗೆ ಗಾಯನ, ಕೆಲವರಿಗೆ ನಾಟಕ ಕಲಿಸಿದರು. ಉಳಿದವರಿಗೆ ಆ ವರ್ಷ ಯಾವ ಪಾಠವೂ ಇರಲಿಲ್ಲ. ಅವರು ತಿಳಿಯಹೊರಟದ್ದು ಸಂಗೀತದಿಂದ ಬುದ್ಧಿಶಕ್ತಿ ಹೆಚ್ಚುವುದೆ ಎಂಬುದನ್ನು. ನಾಟಕವಿದ್ದದ್ದು ಬರಿಯ ಹೋಲಿಕೆಗಾಗಿ. ಸಂಗೀತ ಕಲಿತವರ ಬುದ್ಧಿಸೂಚ್ಯಂಕ ಇತರರಿಗಿಂತ ಸ್ವಲ್ಪ ಹೆಚ್ಚಾಗಿ ಏರಿತು. ಆದರೆ ಇತರರೊಡನೆ ಹೊಂದಿಕೊಂಡು ನಡೆಯುವ ಗುಣದಲ್ಲಿ ಗಮನಾರ್ಹವಾದ ಸುಧಾರಣೆ ಕಂಡದ್ದು ನಾಟಕ ಕಲಿತ ಮಕ್ಕಳಲ್ಲಿ. ಒಂದೇ ಅಧ್ಯಯನದಿಂದ ಸಿದ್ಧಾಂತ ಕಟ್ಟಬಾರದು, ನಿಜ. ಆದರೂ ಹುಡುಕದೆ ಸಿಕ್ಕ ಈ ಫಲ ನಮ್ಮ ವಿದ್ಯಾಧಿಕಾರಿಗಳ ಗಮನಕ್ಕೆ ಅರ್ಹವಾದುದು.

ಇಲ್ಲಿಯೇ ನನಗೊಂದು ಆತಂಕವುಂಟು. ಫಲವಿದೆಯೆಂದು ತಿಳಿದೊಡನೆ ಅದಕ್ಕೆ ಅಂಕ ಕೊಡುವ ಚಪಲ ನಮ್ಮದು. ಕೇಂದ್ರೀಯ ಪ್ರೌಢಶಿಕ್ಷಣ ಮಂಡಲಿಯು 2009ರಲ್ಲಿ ತಂದು 2017ರಲ್ಲಿ ಕೈಬಿಟ್ಟ ನಿರಂತರ ಮೌಲ್ಯಮಾಪನದ ಪದ್ಧತಿಯಲ್ಲಿ ಮಕ್ಕಳ ಸಾಮಾಜಿಕ ಕೌಶಲಕ್ಕೂ ಭಾವನಾತ್ಮಕ ಕೌಶಲಕ್ಕೂ ಶ್ರೇಣಿಗಳಿದ್ದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮಗುವಿನ ಪ್ರಗತಿಪತ್ರದಲ್ಲಿ ಬುದ್ಧಿಯೊಡನೆ ಭಾವದ ಬೆಳವಣಿಗೆಯೂ ಕಾಣಬೇಕೆನ್ನುತ್ತದೆ. ಬೆಳವಣಿಗೆಯನ್ನು ಗುರುತಿಸುವುದು ಒಳ್ಳೆಯದೇ. ಆದರೆ ಕರುಣೆಗೆ ಶ್ರೇಣಿಯುಂಟೆಂದು ತಿಳಿದ ಮಗು ಕರುಣೆಯನ್ನು ನಟಿಸಲು ಕಲಿಯುತ್ತದೆ; ಅದೂ ಉಪಾಧ್ಯಾಯರು ನೋಡುತ್ತಿರುವಾಗ ಮಾತ್ರ. ನಾಟಕದ ಮೂಲಕ ಕಳೆಯಬೇಕೆಂದುಕೊಂಡ ಕೃತಕತೆಯನ್ನು ನಾವೇ ಬೆಳೆಸಿದಂತಾಗುವುದಿಲ್ಲವೆ?

ಇನ್ನೊಂದು ಎಚ್ಚರಿಕೆಯೂ ಬೇಕು. ಭಾವಶಿಕ್ಷಣದ ಹೆಸರಿನಲ್ಲಿ ಮಗುವಿನ ಮನೆಯ ದುಃಖವನ್ನು ಕೆದಕಿ ತರಗತಿಯ ಮುಂದೆ ಆಡಿಸಬಾರದು. ಪಾತ್ರವೆಂಬುದು ಒಂದು ಮರೆ. ಆ ಮರೆಯ ಹಿಂದೆ ನಿಂತು ಮಗು ತನ್ನ ಅಳಲನ್ನು ಏಕಲವ್ಯನ ಅಳಲೆಂದು ಹೇಳಬಹುದು. ಯಾರೂ ಅದನ್ನು ಗುರುತಿಸಬೇಕಾಗಿಲ್ಲ. ಬಾಗಿಲಲ್ಲಿ ನಿಂತಿರುವ ಅವ್ವನ ಮಾತನ್ನು ಆ ಹುಡುಗ ತಾನಾಗಿ ಆಡಿದ, ಯಾರೂ ಆಡಿಸಲಿಲ್ಲ. ಈ ಭೇದ ದೊಡ್ಡದು.

ಹಾಗಾದರೆ ಮಾಡಬಹುದಾದದ್ದೇನು? ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರಿರುವುದು ಕೆಲವೆಡೆ ಮಾತ್ರ. ಎಲ್ಲ ಶಾಲೆಗಳಿಗೂ ಅವರು ಬರುವ ತನಕ ಕಾಯಬೇಕಾಗಿಲ್ಲ. ಭಾಷೆಯ ಉಪಾಧ್ಯಾಯರು ವಾರಕ್ಕೊಂದು ಗಂಟೆ ತೆಗೆದಿಟ್ಟರೆ ಸಾಕು. ಐವತ್ತು ಮಕ್ಕಳಿದ್ದರೆ ಐದೈದು ಮಂದಿಯ ಹತ್ತು ಗುಂಪುಗಳಾಗಲಿ. ಪ್ರತಿ ಗುಂಪೂ ಪುಟ್ಟದೊಂದು ದೃಶ್ಯವನ್ನು ಓದಿ ಆಡಲಿ. ಬಳಿಕ ಪಾತ್ರಗಳು ಅದಲುಬದಲಾಗಲಿ. ದ್ರೋಣನಾದವನು ಏಕಲವ್ಯನಾಗಲಿ, ಪರದೆ ಎಳೆಯುವವನು ಒಮ್ಮೆ ರಾಜನಾಗಲಿ. ಆಟ ಮುಗಿದ ಮೇಲೆ, "ಇವನು ಹೀಗೇಕೆ ಮಾಡಿದ?" ಎಂಬ ಒಂದೇ ಪ್ರಶ್ನೆಯನ್ನು ಕೇಳಿ ಉಪಾಧ್ಯಾಯರು ಸುಮ್ಮನಿರಲಿ. ನೀತಿಯನ್ನು ಅವರು ಹೇಳುವುದು ಬೇಡ, ಅಂಕಪಟ್ಟಿಯೂ ಬೇಡ. ಕನ್ನಡದಲ್ಲಿ ಮಕ್ಕಳ ನಾಟಕಗಳಿಗೆ ಕೊರತೆಯಿಲ್ಲ. ಕುವೆಂಪು ಅವರಿಂದ ವೈದೇಹಿಯವರ ತನಕ ಹಲವರು ಬರೆದಿದ್ದಾರೆ. 1949ರಲ್ಲಿ ಹೆಗ್ಗೋಡಿನಂಥ ಹಳ್ಳಿಯಲ್ಲಿ ಹುಟ್ಟಿದ ನೀನಾಸಂ, 1989ರಲ್ಲಿ ಮೈಸೂರಿನಲ್ಲಿ ಮೊದಲಾಗಿ ಬೇಸಗೆಯಲ್ಲಿ ಚಿಣ್ಣರ ಮೇಳವನ್ನು ನಡೆಸುತ್ತ ಬಂದ ರಂಗಾಯಣ, ಇಂಥ ಸಂಸ್ಥೆಗಳ ಅನುಭವವೂ ನಮ್ಮ ಕೈಯಳವಿನಲ್ಲಿದೆ.

ವಾರ್ಷಿಕೋತ್ಸವದ ನಾಟಕ ನಿಲ್ಲಲೆಂದು ನಾನು ಹೇಳುತ್ತಿಲ್ಲ. ದೀಪ, ಬಣ್ಣ, ಚಪ್ಪಾಳೆಗಳ ಸುಖ ಮಕ್ಕಳಿಗೂ ಬೇಕು. ಆದರೆ ಅದು ವರ್ಷವೆಲ್ಲ ನಡೆದ ತಾಲೀಮಿನ ಕೊನೆಯಲ್ಲಿ ಬರುವ ಹಬ್ಬವಾಗಬೇಕು. ಆ ಹಬ್ಬದಲ್ಲಿ ಮಾತು ತೊದಲುವ ಹುಡುಗನಿಗೂ ಆಡಲು ನಾಲ್ಕು ಮಾತಿರಬೇಕು. ಪಾಠಗಳು ಮುಗಿಯುವುದಿಲ್ಲ, ಸಮಯವಿಲ್ಲ ಎಂಬ ಆಕ್ಷೇಪವನ್ನು ಉಪಾಧ್ಯಾಯಮಿತ್ರರಿಂದ ನಾನು ಬಲ್ಲೆ. ಪದವಿ ತರಗತಿಗೆ ಬಂದ ಮೇಲೂ ನೆರೆಯವನ ಮಾತನ್ನು ಪೂರ್ತಿ ಕೇಳಿಸಿಕೊಳ್ಳಲಾರದ, ತನ್ನ ಮಾತನ್ನು ಎದ್ದುನಿಂತು ಹೇಳಲಾರದ ತರುಣರನ್ನು ವರ್ಷವರ್ಷವೂ ಕಾಣುವ ನನಗೆ, ವಾರದಲ್ಲಿ ಆ ಒಂದು ಗಂಟೆ ದುಬಾರಿಯೆಂದು ತೋರುವುದಿಲ್ಲ.