‘ಕಾನಡಿ’ ಎಂದರೆ ಬೈಗುಳವೇ?



ಹೋದ ತಿಂಗಳು ಒಂದೇ ವಾರದಲ್ಲಿ ನಮ್ಮ ಮುಂದೆ ಎರಡು ತಕರಾರು ಬಂದವು. ಮೊದಲನೆಯದು, ಜತ್ತ ಪೇಟೆಯಲ್ಲಿ ಸದಸ್ಯರೊಬ್ಬರ ಮಗನನ್ನು ಅಂಗಡಿಯವರೊಬ್ಬರು ನಾಲ್ಕು ಜನರೆದುರು “ಏ ಕಾನಡ್ಯಾ” ಎಂದು ಕೂಗಿ ಕರೆದದ್ದು. ಸಂಘದಿಂದ ಪೊಲೀಸರಿಗೆ ಅರ್ಜಿ ಕೊಡಬೇಕೆಂಬುದು ತಂದೆಯವರ ಆಗ್ರಹ. ಎರಡನೆಯದು ನಮ್ಮ ಮನೆಯೊಳಗಿನದೇ. ಸಂಘದ ವಾಟ್ಸಾಪ್ ಗುಂಪಿನಲ್ಲಿ ಮರಾಠಿಗರನ್ನು ಹೀನ ಹೆಸರಿನಿಂದ ಕರೆಯುವ ಸಂದೇಶವೊಂದು ಬಂತು. ಕೆಲವರು ನಗುವ ಚಿತ್ರ ಒತ್ತಿದರು. ಸದಸ್ಯರೊಬ್ಬರ ಮರಾಠಿ ಮನೆತನದ ಸೊಸೆ ಅದನ್ನು ಅತ್ತೆಯ ಫೋನಿನಲ್ಲಿ ಓದಿ, “ನಾನೂ ಇದರಾಗ ಬಂದ್ನೇನ್ರಿ?” ಎಂದು ಕೇಳಿದರಂತೆ.

ಮೊದಲ ವಿಷಯಕ್ಕೆ ಸಭೆಯಲ್ಲಿ ಅರ್ಧ ತಾಸು ಚರ್ಚೆಯಾಯಿತು. ಎರಡನೆಯದನ್ನು “ಚೇಷ್ಟೆ, ಬಿಡ್ರಿ” ಎಂದು ಬದಿಗಿಡಲಾಯಿತು. ಇದು ಸರಿಯಲ್ಲವೆಂದು ನಮಗೆ ಅನಿಸಿದ್ದರಿಂದ ಈ ಟಿಪ್ಪಣಿ.

ಹಿರಿಯರೊಬ್ಬರು ಅಂದು ಹೇಳಿದ್ದು ಹೀಗೆ: “ಕಾನಡಿ ಅಂದ್ರ ಕನ್ನಡ. ಅದರಾಗ ಬೈಗುಳ ಏನೈತಿ?” ಮಾತು ಸುಳ್ಳಲ್ಲ. ಮರಾಠಿಯಲ್ಲಿ ನಮ್ಮ ನುಡಿಯ ಹಳೆಯ ಹೆಸರು ಅದೇ. ಜ್ಞಾನೇಶ್ವರರ ಹೆಸರಿನಲ್ಲಿರುವ ಪ್ರಸಿದ್ಧ ಅಭಂಗವೊಂದು ಪಂಢರಪುರದ ವಿಠ್ಠಲನನ್ನೇ ಕಾನಡಾ, ಕರ್ನಾಟಕದವನು ಎಂದು ಭಕ್ತಿಯಿಂದ ಕರೆಯುತ್ತದೆ. ದೇವರಿಗೆ ಸಂದ ಹೆಸರು ನಮಗೆ ಅವಮಾನವಾಗುವುದು ಹೇಗೆ?

ಆದರೆ ಅರ್ಥ ಒಳ್ಳೆಯದಿದ್ದರೆ ಸಾಕು ಎನ್ನುವ ವಾದ ದೂರ ಸಾಗುವುದಿಲ್ಲ. ‘ಭೈಯಾ’ ಎಂದರೆ ಅಣ್ಣ. ಮುಂಬಯಿಯಲ್ಲಿ ಉತ್ತರ ಭಾರತದ ಕೂಲಿಕಾರ ಆ ಮಾತನ್ನು ಹೇಗೆ ಕೇಳುತ್ತಾನೆಂದು ಅವನನ್ನೇ ಕೇಳಬೇಕು. ‘ಘಾಟಿ’ ಎಂದರೆ ಘಟ್ಟದ ಮೇಲಿನವನು. ಅದೇ ಮುಂಬಯಿಯಲ್ಲಿ ನಮ್ಮ ಸಾಂಗಲಿ, ಸಾತಾರಾ ಕಡೆಯ ಮರಾಠಿ ಜನರನ್ನು ಹೀಯಾಳಿಸಲು ಆ ಪದ ಬಳಕೆಯಾಯಿತು. ನಮ್ಮ ಕರ್ನಾಟಕವೇನೂ ಹಿಂದೆ ಬಿದ್ದಿಲ್ಲ. ಕೊಂಗು ಎಂಬುದು ಕೊಯಮತ್ತೂರು ಸೀಮೆಯ ಹೆಸರು, ಹೊಯ್ಸಳ ವಿಷ್ಣುವರ್ಧನನ ಬಿರುದಿನಲ್ಲೂ ಇದೆ. ಬೆಂಗಳೂರಿನ ಬೀದಿಯಲ್ಲಿ ತಮಿಳರನ್ನು ‘ಕೊಂಗ’ ಎನ್ನುವವನಿಗೆ ಆ ಬಿರುದು ನೆನಪಿರುವುದಿಲ್ಲ.

ಇನ್ನು ಅರ್ಥವೇ ಇಲ್ಲದ ಮಾತುಗಳೂ ಇವೆ. ‘ಯಂಡುಗುಂಡು’ ಎಂಬುದಕ್ಕೆ ಯಾವ ಭಾಷೆಯಲ್ಲೂ ಅರ್ಥವಿಲ್ಲ, ಅದು ದಕ್ಷಿಣದ ನುಡಿಗಳ ಸದ್ದಿನ ಅಣಕ. ತಮಗೆ ತಿಳಿಯದ ಮಾತು ಆಡುವವರನ್ನು ಪ್ರಾಚೀನ ಗ್ರೀಕರು ‘ಬಾರ್ಬರೋಸ್’ ಎಂದದ್ದೂ ಹೀಗೆಯೇ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಮುಂಬಯಿಯಲ್ಲಿ ಲುಂಗಿ ಓಡಿಸುವ ಘೋಷಣೆ ಎದ್ದಾಗ ಇಂಥ ಅಣಕದ ಮಾತುಗಳೂ ಅದರ ಜೊತೆಗಿದ್ದವು, ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದವು. ಆ ಕಾಲ ಕಂಡವರಿಗೆ ಆ ಸದ್ದು ಇಂದಿಗೂ ಚುಚ್ಚುತ್ತದೆ. ಹೀಗೆ ಪದಕ್ಕೆ ವಿಷ ಏರಿಸುವುದು ಅದರ ಇತಿಹಾಸ.

ಇತಿಹಾಸದ ಬಗ್ಗೆ ನಮ್ಮದೊಂದು ತಪ್ಪೊಪ್ಪಿಗೆಯೂ ಇದೆ. ಕಾರಕೂನರಾಗಿ ದುಡಿದ ವರ್ಷಗಳಲ್ಲಿ ಮಹಾರವಾಡಾ, ಮಾಂಗವಾಡಾ ಎಂಬ ಓಣಿಗಳ ಹೆಸರನ್ನು ದಾಖಲೆಗಳಲ್ಲಿ ನಾವೇ ಕೈಯಾರೆ ಎಷ್ಟೋ ಸಲ ಬರೆದಿದ್ದೇವೆ. ಅದು ಬರೀ ವಿಳಾಸ ಅಂದುಕೊಂಡಿದ್ದೆವು. 2020ರ ಡಿಸೆಂಬರಿನಲ್ಲಿ ಮಹಾರಾಷ್ಟ್ರ ಸಚಿವ ಸಂಪುಟ ಇಂಥ ಜಾತಿವಾಚಕ ವಸತಿ ಹೆಸರುಗಳನ್ನು ತೆಗೆದು ಸಮತಾನಗರ, ಭೀಮನಗರದಂಥ ಹೆಸರು ಇಡಲು ನಿರ್ಧರಿಸಿತು. ಬರೆಯುವವನಿಗೆ ಬರೀ ವಿಳಾಸವಾದದ್ದು ಅಲ್ಲಿ ಬಾಳುವವನಿಗೆ ಹಣೆಯ ಮೇಲಿನ ಮುದ್ರೆಯಾಗಿತ್ತೆಂಬುದು ನಮಗೆ ತಡವಾಗಿ ತಿಳಿಯಿತು.

ಮೂರನೆಯದು ಸಂದರ್ಭ. ಗುಡ್ಡಾಪುರದ ದಾನಮ್ಮನ ಜಾತ್ರೆಯಲ್ಲಿ ಮರಾಠಿ ಗೆಳೆಯ “ಕಾಯ್ ಕಾನಡಿ ಪಾವ್ಣೆ” ಎಂದು ಹೆಗಲ ಮೇಲೆ ಕೈ ಹಾಕಿದರೆ ನಾವು ನಗುತ್ತೇವೆ. ‘ಕಾನಡಿ’ ‘ಕಾನಡ್ಯಾ’ ಆಗಿ, ಅದೂ ಸಾಲಿನಲ್ಲಿ ನಿಂತ ಹುಡುಗನ ಮೇಲೆ ಬಿದ್ದರೆ ಮಾತು ಬೇರೆ. ಹೆಸರಿಗೆ ಹಾಗೆ ‘ಯಾ’ ಹಚ್ಚುವುದು ಸಲಿಗೆಗೂ ಉಂಟು, ತುಚ್ಛೀಕಾರಕ್ಕೂ ಉಂಟು. ಅಪರಿಚಿತನಿಗೆ ಸಲಿಗೆ ಎಲ್ಲಿಂದ ಬಂತು?

ಕಾಲವೂ ಸಂದರ್ಭವೇ. 2022ರ ನವೆಂಬರಿನಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ನಮ್ಮ ತಾಲೂಕಿನ 40 ಹಳ್ಳಿಗಳ ಹಳೆಯ ಠರಾವಿನ ಮಾತು ಎತ್ತಿದಾಗ, ಮತ್ತೆ 2025ರ ಫೆಬ್ರುವರಿಯಲ್ಲಿ ಬೆಳಗಾವಿ ಬಳಿ ಬಸ್ ನಿರ್ವಾಹಕರ ಮೇಲೆ ಹಲ್ಲೆಯಾಗಿ, ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ ಚಾಲಕರ ಮುಖಕ್ಕೆ ಮಸಿ ಬಳಿದಾಗ, ಗಡಿಯಲ್ಲಿ ಬಸ್ಸುಗಳು ನಿಂತವು. ಅಂಥ ದಿನಗಳಲ್ಲಿ ನಿನ್ನೆ ನಗುತ್ತ ಕೇಳಿದ ಮಾತೇ ಇಂದು ಬೆದರಿಕೆಯಾಗಿ ಕೇಳುತ್ತದೆ.

ಸುಪ್ರೀಂ ಕೋರ್ಟು 2008ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಇದೇ ಪ್ರಶ್ನೆಯನ್ನು ಎದುರಿಸಿತ್ತು. ಅಲ್ಲಿ ಬಳಕೆಯಾದದ್ದು ಒಂದು ಪರಿಶಿಷ್ಟ ಜಾತಿಯ ಹೆಸರು. ಪದದ ಮೂಲ ಅರ್ಥವನ್ನಲ್ಲ, ಇಂದು ಜನ ಅದನ್ನು ಯಾವ ಅರ್ಥದಲ್ಲಿ ಬಳಸುತ್ತಾರೆ ಎಂಬುದನ್ನು ನೋಡಬೇಕು, ಅವಮಾನಿಸುವ ಉದ್ದೇಶವಿತ್ತೇ ಎಂಬುದನ್ನು ಸಂದರ್ಭದಿಂದ ತಿಳಿಯಬೇಕು ಎಂದಿತು ನ್ಯಾಯಾಲಯ. ಆ ಪ್ರಕರಣದ ದೌರ್ಜನ್ಯ ತಡೆ ಕಾಯ್ದೆ ಪರಿಶಿಷ್ಟ ಜಾತಿ, ಪಂಗಡದವರ ರಕ್ಷಣೆಗೆ ಇರುವಂಥದ್ದು, ಭಾಷೆಯ ಹೆಸರಿಗೆ ಅನ್ವಯಿಸುವುದಿಲ್ಲ. ಆದರೆ ಅಳತೆಗೋಲು ನಮಗೂ ಉಪಯೋಗಕ್ಕೆ ಬರುತ್ತದೆ.

ಅರ್ಥ, ಇತಿಹಾಸ, ಸಂದರ್ಭ ಇವುಗಳಲ್ಲಿ ಯಾವುದೋ ಒಂದನ್ನೇ ಹಿಡಿದು ತೀರ್ಪು ಕೊಡಲಾಗದು. ಆದರೆ ಅಂದವನು ತನಗೆ ಅನುಕೂಲವಾದ ಒಂದನ್ನೇ ಹಿಡಿದು ಪಾರಾಗುತ್ತಾನೆ. ಅಂಗಡಿಯವರು “ಅದು ಬರೀ ಹೆಸರು” ಎಂದು ಅರ್ಥವನ್ನು ಹಿಡಿದರು. ನಮ್ಮವರು “ಚೇಷ್ಟೆ” ಎಂದು ಸಂದರ್ಭವನ್ನು ಹಿಡಿದರು. ಎರಡೂ ಕಡೆ ಒಂದೇ ಕೊರತೆ: ಆ ಮಾತು ಯಾರ ಮೇಲೆ ಬಿತ್ತೋ ಅವರನ್ನು ಯಾರೂ ಕೇಳಲಿಲ್ಲ. ಹುಡುಗನಿಗೆ ಹೆಸರಿತ್ತು, ಅದನ್ನು ಅವರು ಕೇಳಬಹುದಿತ್ತು. ಸೊಸೆ ನಮ್ಮ ಗುಂಪಿನಲ್ಲಿ ಇರಲಿಲ್ಲ, ಉತ್ತರ ಕೊಡುವ ದಾರಿಯೂ ಅವರಿಗಿರಲಿಲ್ಲ.

ಆದ್ದರಿಂದ ಹೀಗೆ ಮಾಡಿದ್ದೇವೆ. ಪೊಲೀಸರ ಅರ್ಜಿ ಬರೆಯಲಿಲ್ಲ. ಇಬ್ಬರು ಹಿರಿಯರೊಂದಿಗೆ ಆ ಅಂಗಡಿಗೆ ಹೋಗಿ ಮಾತಾಡಿದೆವು. “ನಮ್ಮ ಅಪ್ಪನ ಕಾಲದಿಂದ ಹಾಗೇ ಅಂತೇವೆ” ಎಂದರು. “ನಿಮ್ಮ ಮಗ ಮುಂಬಯಿಗೆ ಹೋದಾಗ ಅವನನ್ನು ಘಾಟಿ ಅಂದರೆ?” ಎಂದು ಕೇಳಿದೆವು. ಸುಮ್ಮನಾದರು, ಚಹಾ ತರಿಸಿದರು. ಮುಂದಿನ ಸಲ ಹುಡುಗನ ಹೆಸರು ಕೇಳುತ್ತೇನೆ ಎಂದರು. ನೋಡೋಣ.

ಗುಂಪಿನ ಸಂದೇಶ ಅಳಿಸಿದ್ದೇವೆ. ಕಳಿಸಿದ ಸದಸ್ಯರು ಆ ಮನೆಗೆ ಹೋಗಿ ಸೊಸೆಯವರ ಕ್ಷಮೆ ಕೇಳಬೇಕೆಂದು ವಿನಂತಿಸಿದ್ದೇವೆ, ಅವರು ಇನ್ನೂ ಹೋಗಿಲ್ಲ. ಮಾಸಿಕ ಸಭೆಯ ಮೊದಲು ಹೋದರೆ ಈ ವಿಷಯ ಅಲ್ಲಿಗೆ ಬರುವುದಿಲ್ಲ, ಹೋಗದಿದ್ದರೆ ಮೊದಲ ವಿಷಯವಾಗಿ ಬರುತ್ತದೆ.

ಜತ್ತ, ಉಮದಿ, ಸಂಖ ಕಡೆಯ ಸದಸ್ಯರು ತಮ್ಮ ಅನುಭವಗಳನ್ನು ಬರೆದು ಕಳಿಸಲು ಕೋರಿಕೆ. ನಮಗೆ ಅಂದದ್ದನ್ನೂ ಬರೆಯಿರಿ, ನಾವು ಅಂದದ್ದನ್ನೂ ಬರೆಯಿರಿ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ